ಹೆಣ್ಣು ಗೂಡಿನ ತೂಕ, ಗಂಡು ಗೂಡಿನ ನೂಲು

ಈ ಸಲ ಗೊಬ್ಬರದ ವಿಷಯ ಇಲ್ಲ, ಔಷಧಿ ವಿಷಯಾನೂ ಇಲ್ಲ. ಸ್ವಲ್ಪ ಹಳೇ ಕತೆ ಇದೆ, ಉದ್ದ ಇದೆ. ಸೊಪ್ಪು ಹಾಕಿ ಬಿಡುವಾದಾಗ ಓದಿ.

ಚಂದ್ರಿಕೆಯಿಂದ ಗೂಡು ಬಿಡಿಸಿ ರಾಶಿ ಹಾಕಿದಾಗ ಎಲ್ಲರ ಕಣ್ಣಿಗೂ ಬೀಳೋದು ಒಂದು. ಒಂದೇ ಚಾಕಿ ಕೇಂದ್ರದಿಂದ ತಂದ ಹುಳ, ಒಂದೇ ತೋಟದ ಸೊಪ್ಪು, ಒಂದೇ ದಿನ ಜ್ವರಕ್ಕೆ ಕೂತು ಒಂದೇ ದಿನ ಎದ್ದಿದ್ದು. ಆದ್ರೂ ರಾಶೀಲಿ ಒಂದಷ್ಟು ಗೂಡು ದಪ್ಪ, ಕೈಗೆ ಭಾರ. ಇನ್ನೊಂದಷ್ಟು ಸಣ್ಣ, ಹಗುರ. ಕೇಳಿದ್ರೆ ನಾವೆಲ್ಲ ಹೇಳೋದು ಒಂದೇ ಮಾತು: "ಆ ಹುಳಕ್ಕೆ ಸೊಪ್ಪು ಸಿಗಲಿಲ್ಲ." ಅದು ಅರ್ಧ ನಿಜ. ಇನ್ನರ್ಧ ಏನು ಅಂದ್ರೆ, ದಪ್ಪ ಗೂಡಿನಲ್ಲಿ ಬಹುಪಾಲು ಹೆಣ್ಣು ಇರುತ್ತೆ, ಸಣ್ಣದರಲ್ಲಿ ಬಹುಪಾಲು ಗಂಡು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ನೂರು ವರ್ಷದಿಂದ ನಡೆದು ಬಂದಿರೋ ಮಿಶ್ರತಳಿ ಹುಳದ ಕಸುಬು ಈ ಗಂಡು ಹೆಣ್ಣಿನ ವ್ಯತ್ಯಾಸ ಗುರುತು ಹಿಡಿಯೋದರ ಮೇಲೇ ನಿಂತಿದೆ. ಅದನ್ನ ನಮಗೆ ಯಾರೂ ಕೂರಿಸಿಕೊಂಡು ಹೇಳಲಿಲ್ಲ.

ಮೊದಲು ಈ ವ್ಯತ್ಯಾಸ ಎಲ್ಲಿ ಹುಟ್ಟುತ್ತೆ ಅಂತ ನೋಡೋಣ. ಮೊಟ್ಟೆ ಒಡೆದು ಹೊರಗೆ ಬಂದ ಇರುವೆಯಂಥ ಮರೀಲಿ ಗಂಡು ಯಾವುದು ಹೆಣ್ಣು ಯಾವುದು ಅಂತ ಗಾತ್ರ ನೋಡಿ ಯಾರೂ ಹೇಳೋಕಾಗಲ್ಲ. ಚಾಕೀಲೂ ಅಷ್ಟೆ. ನಾಲ್ಕನೇ ಜ್ವರ ಎದ್ದ ಮೇಲೆ ಬರೋ ಕೊನೇ ವಾರದಲ್ಲಿ ದಾರಿ ಬೇರೆ ಆಗುತ್ತೆ. ಹುಳ ಇಡೀ ಬದುಕಿನಲ್ಲಿ ತಿನ್ನೋ ಸೊಪ್ಪಿನಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ತಿನ್ನೋದು ಆ ಒಂದೇ ವಾರದಲ್ಲಿ ಅಂತ ನಿಮಗೆ ಗೊತ್ತೇ ಇದೆ, ಬೆನ್ನು ನೋವು ಬಂದಿರುತ್ತೆ. ಗಂಡು ಹುಳ ಸ್ವಲ್ಪ ಮುಂಚೆ ಬಾಯಿ ಕಟ್ಟುತ್ತೆ, ಹಣ್ಣಾಗುತ್ತೆ, ಚಂದ್ರಿಕೆ ಹತ್ತುತ್ತೆ. ಹೆಣ್ಣು ಇನ್ನೊಂದಷ್ಟು ಹೊತ್ತು ತಿಂತಾನೇ ಇರುತ್ತೆ. ಮೊದಲ ದಿನ ಆರಿಸಿ ಬಿಡೋ ಹಣ್ಣು ಹುಳದಲ್ಲಿ ಗಂಡಿನ ಪಾಲು ಜಾಸ್ತಿ ಇರೋದು ಇದಕ್ಕೇ. ಕೊನೇಗೆ ತಟ್ಟೇಲಿ ಉಳಿದು ನಮ್ಮ ತಾಳ್ಮೆ ಪರೀಕ್ಷೆ ಮಾಡೋವು ಎಲ್ಲ ಸೋಮಾರಿ ಹುಳ ಅಲ್ಲ, ಅದರಲ್ಲಿ ಹೆಣ್ಣು ಹುಳಾನೂ ಬೇಕಾದಷ್ಟಿರುತ್ತೆ. ಎಲ್ಲಾ ಒಟ್ಟಿಗೆ ಹಣ್ಣಾಗ್ಲಿ ಅಂತ ಸೊಪ್ಪಿಗೆ ಔಷಧಿ ಹೊಡೀತೀವಲ್ಲ, ಅದನ್ನ ಆತುರಪಟ್ಟು ಒಂದು ದಿನ ಮುಂಚೆ ಹೊಡೆದ್ರೆ ತೂಕ ಹೋಗೋದು ಯಾವುದರಿಂದ ಅಂತ ಈಗ ನೀವೇ ಯೋಚನೆ ಮಾಡಿ.

ಹುಳಕ್ಕೆ ಯಾವಾಗ ತಿನ್ನೋದು ನಿಲ್ಲಿಸಬೇಕು ಅಂತ ಹೆಂಗೆ ಗೊತ್ತಾಗುತ್ತೆ? ತಂಬಾಕು ಗಿಡ ತಿನ್ನೋ ಒಂದು ದೊಡ್ಡ ಹಸಿರು ಹುಳದ ಮೇಲೆ ಅಮೆರಿಕದಲ್ಲಿ 1970ರ ದಶಕದಿಂದ ಇದನ್ನ ಕೂಲಂಕಷವಾಗಿ ನೋಡಿದ್ದಾರೆ. ಕೊನೇ ಹಂತದಲ್ಲಿ ಹುಳದ ಮೈ ಒಂದು ಗೊತ್ತಾದ ತೂಕ ದಾಟಿದ ಕೂಡಲೇ, ಅದನ್ನ ಮರಿಯಾಗೇ ಇಟ್ಟಿರೋ ಹಾರ್ಮೋನು ಇಳಿಯೋಕೆ ಶುರು. ಅದು ಇಳಿದ ಮೇಲೆ ರೂಪ ಬದಲಾಯಿಸೋ ಹಾರ್ಮೋನು ಏರುತ್ತೆ, ಹುಳ ಬಾಯಿ ಕಟ್ಟುತ್ತೆ. ಆ ತೂಕ ದಾಟಿ ಆಯ್ತು ಅಂದ್ರೆ ಆಮೇಲೆ ಸೊಪ್ಪು ಕೊಡದಿದ್ರೂ ಹುಳ ಮುಂದಿನ ಹಂತಕ್ಕೆ ಹೋಗೇ ಹೋಗುತ್ತೆ, ಆದ್ರೆ ಗಾತ್ರ ಚಿಕ್ಕದು. ನಮ್ಮ ಹುಳದಲ್ಲೂ ನೋಡಿರ್ತೀರಿ. ನಾಲ್ಕನೇ ಜ್ವರ ಎದ್ದು ಮೂರ್ನಾಲ್ಕು ದಿನ ತಿಂದ ಹುಳಕ್ಕೆ ಸೊಪ್ಪು ತಪ್ಪಿದ್ರೂ ಗೂಡು ಕಟ್ಟುತ್ತೆ, ಕಡಲೆಕಾಯಿ ಗಾತ್ರದ್ದು. ಹೆಣ್ಣಿಗೆ ಈ ನಿಲ್ಲಿಸೋ ಗಡುವು ಮೇಲೆ ಇರುತ್ತೆ, ಗಂಡಿಗೆ ಕೆಳಗೆ. ವ್ಯತ್ಯಾಸ ಹುಟ್ಟೋದು ಹೀಗೆ.

ಯಾಕೆ ಹೀಗೆ ಅನ್ನೋದಕ್ಕೆ ಉತ್ತರ ಚಿಟ್ಟೇಲಿದೆ. ರೇಷ್ಮೆ ಚಿಟ್ಟೆ ಏನೂ ತಿನ್ನಲ್ಲ, ಕುಡಿಯಲ್ಲ. ಹೊರಗೆ ಬಂದು ಕೆಲವೇ ದಿನ ಬದುಕಿ ಸಾಯುತ್ತೆ. ಹೆಣ್ಣು ಚಿಟ್ಟೆ ಇಡೋ ನಾನೂರು ಐನೂರು ಮೊಟ್ಟೆಯ ಸಾರವೆಲ್ಲ ಹುಳವಾಗಿದ್ದಾಗ ತಿಂದ ಸೊಪ್ಪಿನಿಂದಲೇ ಬರಬೇಕು. ಅದು ಹೊಟ್ಟೇಲಿ ಬುತ್ತಿ ಕಟ್ಟಿಕೊಂಡೇ ಗೂಡು ಸೇರೋದು. ಗಂಡಿಗೆ ಆ ಹೊರೆ ಇಲ್ಲ.

ಇದನ್ನ ಹೊರದೇಶದ ರೇಷ್ಮೆ ಜನ ಬಹಳ ಹಿಂದೇನೇ ಕಂಡುಕೊಂಡಿದ್ರು. ಡಾರ್ವಿನ್ 1871ರಲ್ಲಿ ಮನುಷ್ಯನ ಹುಟ್ಟಿನ ಬಗ್ಗೆ ಬರೆದ ಪುಸ್ತಕದಲ್ಲಿ ನಮ್ಮ ರೇಷ್ಮೆ ಹುಳದ ಮಾತೂ ಬರುತ್ತೆ. ಫ್ರಾನ್ಸಿನಲ್ಲಿ ಗಂಡು ಗೂಡು ಹೆಣ್ಣು ಗೂಡಿನ ತೂಕದ ವ್ಯತ್ಯಾಸ ಎಷ್ಟಿತ್ತು ಅಂದ್ರೆ, ತಕ್ಕಡಿ ಮೇಲೆ ತೂಗಿಯೇ ಎರಡನ್ನೂ ಬೇರೆ ಮಾಡ್ತಿದ್ರಂತೆ. ಕೀಟಗಳಲ್ಲಿ ಹೆಣ್ಣು ದೊಡ್ಡದಾಗಿರೋದು ಮೊಟ್ಟೆಗೋಸ್ಕರ ಅನ್ನೋದನ್ನ ಡಾರ್ವಿನ್ ಸ್ವಲ್ಪ ಮಟ್ಟಿಗೆ ಮಾತ್ರ ಒಪ್ತಾನೆ. ಅವನಿಗೆ ಹೆಚ್ಚು ಹಿಡಿಸಿದ್ದು ಇಂಗ್ಲೆಂಡಿನ ಕೋಲ್ಚೆಸ್ಟರ್ ಅನ್ನೋ ಊರಲ್ಲಿ ಕಾಡು ರೇಷ್ಮೆ ಹುಳ ಸಾಕಿ ನೋಡಿದ ಡಾಕ್ಟರ್ ವಾಲೇಸ್ ಹೇಳಿದ ಮಾತು. ದೊಡ್ಡ ಮೈ ಬಲಿಯೋಕೆ ಹೆಚ್ಚು ದಿನ ಬೇಕು, ಸಣ್ಣ ಮೈ ಬೇಗ ಬಲಿಯುತ್ತೆ, ಆದ್ದರಿಂದ ಗಂಡು ಮೊದಲು ಹೊರಗೆ ಬರುತ್ತೆ. ಮೊದಲೇ ಬಂದು ಕಾಯ್ತಿರೋ ಗಂಡಿಗೆ ಹೆಣ್ಣು ಸಿಗುತ್ತೆ, ತಡವಾಗಿ ಬಂದ ದೊಡ್ಡ ಗಂಡಿಗೆ ಸಂತಾನ ಕಡಿಮೆ. ಹೀಗೆ ತಲೆಮಾರಿಂದ ತಲೆಮಾರಿಗೆ ಸಣ್ಣ ಗಂಡುಗಳ ವಂಶವೇ ಉಳೀತು ಅಂತ ಸೇರಿಸಿದವನು ಇನ್ನೊಬ್ಬ ವಾಲೇಸ್, ಡಾರ್ವಿನ್ ಜೊತೆಗೇ ವಿಕಾಸದ ವಿಚಾರ ಹೇಳಿದವನು. ಹೆಸರು ಒಂದೇ, ಆಳು ಬೇರೆ. ನನಗೆ ಕೇಳಿದ್ರೆ ಎರಡು ಕಾರಣಾನೂ ಒಂದೇ ನೊಗದ ಎರಡು ಎತ್ತು. ಹೆಣ್ಣನ್ನ ಮೊಟ್ಟೆ ದಪ್ಪ ಮಾಡ್ತು, ಗಂಡನ್ನ ಆತುರ ಸಣ್ಣ ಮಾಡ್ತು.

ನಮ್ಮ ಹಿಪ್ಪುನೇರಳೆ ತೋಟದಲ್ಲೇ ಇದಕ್ಕಿಂತ ವಿಪರೀತದ ಉದಾಹರಣೆ ಇದೆ. ತುಕ್ರ ಬರಿಸೋ ಹಿಟ್ಟು ತಿಗಣೆ. ಕುಡೀಲಿ ಬಿಳಿ ಹಿಟ್ಟು ಹೊದ್ದುಕೊಂಡು ಅಂಟಿಕೊಂಡಿರೋವಲ್ಲ, ದೊಡ್ಡವೆಲ್ಲ ಹೆಣ್ಣು. ರೆಕ್ಕೆ ಇಲ್ಲ, ರಸ ಹೀರೋದು ಮೊಟ್ಟೆ ಇಡೋದು ಇಷ್ಟೇ. ಅದರ ಗಂಡು ಚಿಕ್ಕ ಸೊಳ್ಳೆಮರಿ ಥರ, ರೆಕ್ಕೆ ಇದೆ, ಬೆಳೆದ ಮೇಲೆ ತಿನ್ನೋ ಬಾಯೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಗಂಡ ಹೆಂಡತಿ ಅಂತ ಯಾರೂ ನಂಬಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಮೈಸೂರು ಸೀಮೆಗೆ ರೇಷ್ಮೆ ಹುಳ ತರಿಸಿದ್ದು ಟಿಪ್ಪು ಸುಲ್ತಾನ್ ಅನ್ನೋದು ಶಾಲೇಲಿ ಓದಿದ್ದೇವೆ. 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆಸಿದ ಒಂದು ಪತ್ರದಲ್ಲಿ ಬಂಗಾಳಕ್ಕೆ ಹುಳ ತರೋಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಅನ್ನೋ ಇಬ್ಬರು ವಾಪಸ್ ಬರ್ತಾ ಇದ್ದಾರೆ ಅಂತ ಇದೆ. ಆಮೇಲೆ ಇಲ್ಲಿನ ಹವೆಗೆ ಒಗ್ಗಿ ವರ್ಷಪೂರ್ತಿ ಬೆಳೆ ಬೆಳೆಯುತ್ತಾ ಬಂದದ್ದು ನಮ್ಮ ಮೈಸೂರು ತಳಿ. ಬಿಸಿಲು ತಡೆಯುತ್ತೆ, ರೋಗ ತಡೆಯುತ್ತೆ, ಕೆಟ್ಟ ಸೊಪ್ಪು ತಿಂದ್ರೂ ಬದುಕುತ್ತೆ. ಆದ್ರೆ ಗೂಡು ಚಿಕ್ಕದು, ತುದಿ ಚೂಪು, ಹಸಿರು ಹಳದಿ ಬಣ್ಣ, ತೂಕ ಸುಮಾರು ಒಂದು ಗ್ರಾಂ. ನೂಲು ನಾನೂರು ಮೀಟರ್ ಮುಟ್ಟಿದ್ರೆ ದೊಡ್ಡದು. ವಿದೇಶಿ ಬಿಳಿ ಗೂಡಿನಲ್ಲಿ ಸಾವಿರ ಮೀಟರ್ ದಾಟುತ್ತೆ.

ವಿದೇಶಿ ಹುಳವನ್ನೇ ತಂದು ಸಾಕಿದ್ರಾಯ್ತು ಅಂತ ಪ್ರಯತ್ನ ಮಾಡಿದೋರು ಇದ್ದರು. 1860ರ ದಶಕದಲ್ಲಿ ಕೆಂಗೇರೀಲಿ ನೂಲು ತೆಗೆಯೋ ಕಾರ್ಖಾನೆ ಹಾಕಿದ ಇಟಲಿಯ ಡಿ ವೆಕ್ಕಿ ಜಪಾನಿನ ಮೊಟ್ಟೆ ತರಿಸಿದ. 1890ರ ದಶಕದ ಕೊನೇಲಿ ಜಮ್ಷೆಟ್‌ಜಿ ಟಾಟಾ ಜಪಾನಿ ಜನರನ್ನ ಕರೆಸಿ ಬೆಂಗಳೂರಲ್ಲಿ ಫಾರಂ ಮಾಡಿಸಿದರು. ಬಸವನಗುಡಿ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರಂ ಅನ್ನೋ ಹೆಸರು ಈಗಲೂ ಇದೆ, ಹುಳ ಮಾತ್ರ ಇಲ್ಲ. ಚನ್ನಪಟ್ಟಣದಲ್ಲಿ 1913-14ರ ಸುಮಾರಿಗೆ ಇಟಲಿಯ ವಾಷಿಂಗ್ಟನ್ ಮಾರಿ ಅನ್ನೋ ತಜ್ಞರ ಕೈಕೆಳಗೆ ಸರ್ಕಾರಿ ರೇಷ್ಮೆ ಫಾರಂ ಶುರುವಾಯ್ತು. ತಜ್ಞರು ಬಂದರು, ಮೊಟ್ಟೆ ಬಂತು, ಆದ್ರೆ ಚಳಿ ದೇಶದ ಹುಳ ನಮ್ಮ ಏಪ್ರಿಲ್ ಬಿಸಿಲಲ್ಲಿ ನಿಲ್ಲಬೇಕಲ್ಲ.

ದಾರಿ ತೋರಿಸಿದ್ದು ಜಪಾನಿನ ತೋಯಾಮ ಕಾಮೆತಾರೊ. ಮೆಂಡಲ್ ಬಟಾಣಿ ಗಿಡದಲ್ಲಿ ಕಂಡ ನಿಯಮ ರೇಷ್ಮೆ ಹುಳದಲ್ಲೂ ನಡೆಯುತ್ತೆ ಅಂತ 1906ರಲ್ಲಿ ತೋರಿಸಿದವರು ಅವರು. ಎರಡು ಬೇರೆ ತಳಿ ಕೂಡಿಸಿದ್ರೆ ಮೊದಲ ಪೀಳಿಗೆ ಅಪ್ಪ ಅಮ್ಮ ಇಬ್ಬರಿಗಿಂತ ಗಟ್ಟಿ, ರೈತನಿಗೆ ಆ ಮೊದಲ ಪೀಳಿಗೇನೇ ಕೊಡಿ ಅಂತ ಅವರು ಹೇಳಿದ್ರು. ಜಪಾನ್ ಅದನ್ನ ಹಿಡಿದು ದೇಶಕ್ಕೆ ದೇಶವೇ ಬದಲಾಯ್ತು. ನಮ್ಮಲ್ಲೂ 1920ರ ದಶಕದಲ್ಲಿ ಮಿಶ್ರತಳಿ ಕಾಲಿಟ್ಟಿತು. ಆಗ ಜಪಾನಿನಿಂದ ಬಂದಿದ್ದ ಯೋನೆಮುರ ಮತ್ತು ರೇಷ್ಮೆ ಇಲಾಖೆಯ ನವರತ್ನ ರಾಮರಾವ್ ಸೇರಿ 1925ರಲ್ಲಿ ರೇಷ್ಮೆ ಕೃಷಿಯ ಕೈಪಿಡಿ ಬರೆದರು. "ಕೆಲವು ನೆನಪುಗಳು" ಬರೆದ ರಾಮರಾಯರೇ ಅವರು. ನಾವು ಅವರನ್ನ ಸಾಹಿತಿ ಅಂತ ನೆನೆಯುತ್ತೇವೆ, ಹುಳದ ಮನುಷ್ಯ ಅಂತ ನೆನೆಯೋರು ಕಡಿಮೆ.

ಗಂಡು ಹೆಣ್ಣಿನ ವಿಷಯ ಇಲ್ಲಿ ಬಂತು ನೋಡಿ. ಎರಡು ತಳಿ ಕೂಡಿಸಬೇಕು ಅಂದ್ರೆ ಒಂದರ ಹೆಣ್ಣು ಮಾತ್ರ ಬೇಕು, ಇನ್ನೊಂದರ ಗಂಡು ಮಾತ್ರ ಬೇಕು. ಚಿಟ್ಟೆ ಹೊರಗೆ ಬಂದ ಮೇಲೆ ಆರಿಸ್ತೀನಿ ಅಂದ್ರೆ ಆಗಲ್ಲ. ಗಂಡು ಮೊದಲೇ ಬಂದು ರೆಕ್ಕೆ ಬಡೀತಾ ಕಾಯ್ತಿರುತ್ತೆ ಅಂದೆನಲ್ಲ, ಹೆಣ್ಣು ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಜೋಡಿ ಆಗಿಬಿಡುತ್ತೆ, ಅದೂ ಸ್ವಂತ ತಳಿಯ ಜೊತೆ. ಆದ್ದರಿಂದ ಗೂಡು ಕತ್ತರಿಸಿ, ಪ್ಯೂಪ ಹೊರಗೆ ತೆಗೆದು, ಅದಿನ್ನೂ ನಿದ್ದೇಲಿರೋವಾಗಲೇ ಬೇರೆ ಮಾಡಬೇಕು. ಹೆಣ್ಣು ಪ್ಯೂಪ ದಪ್ಪ, ಹೊಟ್ಟೆ ಅಗಲ, ಎಂಟನೇ ಉಂಗುರದ ಮೇಲೆ ಕತ್ತರಿ ಆಕಾರದ ಸಣ್ಣ ಗೆರೆ. ಗಂಡು ತೆಳ್ಳಗೆ, ತುದಿ ಚೂಪು, ಒಂಬತ್ತನೇ ಉಂಗುರದಲ್ಲಿ ಒಂದು ಚುಕ್ಕೆ. ಮೊಟ್ಟೆ ಕೇಂದ್ರಗಳಲ್ಲಿ ಈ ಕೆಲಸ ಮಾಡೋರು ಹೆಚ್ಚಾಗಿ ಹೆಣ್ಣುಮಕ್ಕಳು. ಒಂದೊಂದೇ ಕೈಗೆ ತಗೊಂಡು, ಗಾತ್ರ ನೋಡಿ, ಅನುಮಾನ ಬಂದ್ರೆ ಗೆರೆ ನೋಡಿ, ಎರಡು ಬುಟ್ಟಿಗೆ ಹಾಕ್ತಾ ಹೋಗ್ತಾರೆ. ಅವರ ಬೆರಳಿಗೆ ಇರೋ ತಕ್ಕಡಿ ಯಾವ ಅಂಗಡೀಲೂ ಸಿಗಲ್ಲ. ನಮ್ಮ ಹುಳಮನೆಗೆ ಬರೋ ಸಿಬಿ ಹುಳ ಹೆಸರಿಗೆ ತಕ್ಕ ಮಿಶ್ರತಳಿ ಆಗಿರೋದು ಆ ಬೆರಳುಗಳಿಂದ. ಈ ಕಸುಬಿನ ಇತಿಹಾಸ ಬರೆದೋರು ರಾಜರನ್ನ, ಇಟಲಿಯೋರನ್ನ, ಜಪಾನಿಯೋರನ್ನ ಹೆಸರಿಟ್ಟು ಬರೆದ್ರು. ಈ ಹೆಣ್ಣುಮಕ್ಕಳಿಗೆ ಅದರಲ್ಲಿ ಒಂದು ಸಾಲೂ ಇಲ್ಲ ಅನ್ನೋದು ನನಗೆ ಸರಿ ಕಾಣಲ್ಲ.

ಯಾವ ತಳಿಯ ಹೆಣ್ಣು, ಯಾವ ತಳಿಯ ಗಂಡು ಅನ್ನೋದಕ್ಕೂ ಲೆಕ್ಕ ಇದೆ. ಮೈಸೂರು ತಳಿಯ ಹೆಣ್ಣು, ದ್ವಿತಳಿಯ ಗಂಡು. ಮೊಟ್ಟೆ ಹತ್ತು ಹನ್ನೊಂದು ದಿನಕ್ಕೆ ಒಡೆಯಬೇಕೋ, ತಿಂಗಳುಗಟ್ಟಲೆ ನಿದ್ದೆ ಮಾಡಬೇಕೋ ಅನ್ನೋದು ತಾಯಿ ಕಡೆಯಿಂದ ಬರುತ್ತೆ. ಮೈಸೂರು ಹೆಣ್ಣಾದ್ರೆ ಮೊಟ್ಟೆ ನಿದ್ದೆ ಹೋಗಲ್ಲ. ತಿರುಗಿಸಿ ದ್ವಿತಳಿ ಹೆಣ್ಣಿಗೆ ಮೈಸೂರು ಗಂಡು ಕೂಡಿಸಿದ್ರೆ ಮೊಟ್ಟೆಗೆ ಆಸಿಡ್ ಕೊಟ್ಟು ಎಬ್ಬಿಸಬೇಕು. ಇನ್ನೊಂದು, ಗಂಟುರೋಗ ಮೊಟ್ಟೆ ಮೂಲಕ ಬರೋದೂ ತಾಯಿಯಿಂದಲೇ. ಅದಕ್ಕೇ ಪಾಶ್ಚರ್ 1860ರ ದಶಕದ ಕೊನೇಲಿ ಫ್ರಾನ್ಸಿನಲ್ಲಿ ಕಂಡುಹಿಡಿದ ಪದ್ಧತೀಲಿ ಮೊಟ್ಟೆ ಇಟ್ಟ ತಾಯಿ ಚಿಟ್ಟೇನ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡ್ತಾರೆ. ಅಪ್ಪನ್ನ ಯಾರೂ ಕೇಳಲ್ಲ.

ಮಾಗಡಿ, ಸೋಲೂರು, ಕುಣಿಗಲ್ ಕಡೆ ರೈತರಿಗೆ ಇದೆಲ್ಲ ಹೊಸದಲ್ಲ. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯೋ ಸೀಮೆ ಅದು. 1959ರ ಕಾಯ್ದೆ ಬಂದ ಮೇಲೆ ಬಿತ್ತನೆ ಗೂಡು ಬೇರೆ, ನೂಲಿನ ಗೂಡು ಬೇರೆ ಅಂತ ಕಟ್ಟುನಿಟ್ಟಾಯ್ತು. ಮಾಗಡಿ ಕಡೆಯ ಹೆಣ್ಣು ಚಿಟ್ಟೆ ಇಲ್ಲದೆ ರಾಮನಗರದಲ್ಲಿ ಸಿಬಿ ಗೂಡು ಇಲ್ಲ. ಎದುರುಗಡೆ ಗಂಡು ಮಾತ್ರ ಕಾಲಕಾಲಕ್ಕೆ ಬದಲಾಯ್ತು. ಮೊದಲು ಸಿ ನಿಚಿ, 1970ರ ದಶಕದ ನಂತರ ಎನ್‌ಬಿ4ಡಿ2, 1990ರ ದಶಕದ ಕೊನೆಯಿಂದ ಸಿಎಸ್‌ಆರ್2. ಗಂಡು ಚಿಟ್ಟೇನ ತಂಪಿನಲ್ಲಿಟ್ಟು ಎರಡನೇ ಸಲಾನೂ ಕೂಡಿಸ್ತಾರೆ, ಹೆಣ್ಣಿಗೆ ಒಂದೇ ಸರದಿ. ಚಿಟ್ಟೆ ಹೊರಬಂದು ತೂತಾದ ಗೂಡು ನೂಲು ಬಿಚ್ಚೋಕೆ ಬರಲ್ಲ. ಹತ್ತಿ ನೂತಂಗೆ ನೂಲಬೇಕು. ಚನ್ನಪಟ್ಟಣದಲ್ಲಿ 1930ರ ದಶಕದಲ್ಲಿ ಎದ್ದ ಸ್ಪನ್ ಸಿಲ್ಕ್ ಮಿಲ್ಲು ಅಂಥ ತ್ಯಾಜ್ಯ ರೇಷ್ಮೆಗಾಗಿಯೇ ಇದ್ದದ್ದು.

ಆರಿಸೋದು ತಪ್ಪಿದ್ರೆ ಏನಾಗುತ್ತೆ? ಹೆಣ್ಣಿನ ಬುಟ್ಟೀಲಿ ನಾಲ್ಕು ಗಂಡು ಉಳಿದ್ರೆ ಅಷ್ಟು ಮೊಟ್ಟೆ ಮಿಶ್ರತಳಿ ಆಗಲ್ಲ, ಬರೀ ಮೈಸೂರು ಆಗುತ್ತೆ. ನಮ್ಮ ತಟ್ಟೇಲಿ ಒಂದಷ್ಟು ಹುಳ ಹಿಂದೆ ಬಿದ್ದು, ಕೊನೇಗೆ ರಾಶೀಲಿ ಚೂಪು ತುದಿಯ ಪುಟ್ಟ ಗೂಡು ಬಂದ್ರೆ ಸೊಪ್ಪನ್ನ ಬೈಯೋ ಮೊದಲು ಇದನ್ನೂ ನೆನಪಿಟ್ಟುಕೊಳ್ಳಿ. ಬಿತ್ತನೆ ಬೆಳೆಯೋ ರೈತ ಕೊನೇ ವಾರ ಸೊಪ್ಪು ಕಡಿಮೆ ಮಾಡಿದ್ರೆ ಆರಿಸೋ ಕೆಲಸ ಇನ್ನೂ ಕಷ್ಟ. ತಿನ್ನೋಕೆ ಸಿಗದ ಹೆಣ್ಣು ಚೆನ್ನಾಗಿ ತಿಂದ ಗಂಡಿನ ತೂಕಕ್ಕೇ ನಿಲ್ಲುತ್ತೆ, ಮೊಟ್ಟೇನೂ ಕಡಿಮೆ ಇಡುತ್ತೆ. ತೂಗಿ ಬೇರೆ ಮಾಡೋದು ಸೋಲೋದು ಅಲ್ಲೇ. ಈ ಕಷ್ಟ ತಪ್ಪಿಸೋಕೆ ಜಪಾನಿನ ತಾಜಿಮಾ ಅನ್ನೋರು 1940ರ ದಶಕದಲ್ಲಿ ಎಕ್ಸ್‌ರೇ ಹಾಯಿಸಿ, ಮೈಮೇಲಿನ ಗುರುತಿನ ವಂಶವಾಹಿಯನ್ನ ಹೆಣ್ಣಿಗೆ ಮಾತ್ರ ಇರೋ ಕ್ರೋಮೋಸೋಮಿಗೆ ಅಂಟಿಸಿದ್ರು. ಆಗ ಹುಳ ಇದ್ದಾಗಲೇ ಗುರುತಿದ್ದದ್ದು ಹೆಣ್ಣು, ಬೋಳು ಇದ್ದದ್ದು ಗಂಡು. ನಮ್ಮಲ್ಲಿ ಗಂಡಿಗೆ ಎಕ್ಸ್ ವೈ ಅಂತ ಜೋಡಿ ಬೇರೆ ಇರುತ್ತಲ್ಲ, ರೇಷ್ಮೆ ಹುಳದಲ್ಲಿ ಅದು ಉಲ್ಟಾ, ಜೋಡಿ ಬೇರೆ ಇರೋದು ಹೆಣ್ಣಿಗೆ.

ಈಗ ದುಡ್ಡಿನ ಮಾತು. ಗಂಡು ಹುಳ ಸಣ್ಣದು, ಆದ್ರೆ ಅದರ ನೂಲು ಕಡಿಮೆ ಅಲ್ಲ. ಗೂಡಿನ ಚಿಪ್ಪು ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ ತೂಕ. ಹೆಣ್ಣು ಗೂಡು ಭಾರ ಇರೋದು ಒಳಗಿರೋ ಪ್ಯೂಪದಿಂದ, ಅದರ ಮೊಟ್ಟೆಯ ಬುತ್ತಿಯಿಂದ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ: ದ್ವಿತಳಿ ಹೆಣ್ಣು ಗೂಡು 2 ಗ್ರಾಂ, ಗಂಡು ಗೂಡು 1.6 ಗ್ರಾಂ, ಚಿಪ್ಪು ಎರಡರಲ್ಲೂ 0.4 ಗ್ರಾಂ. ಸಾವಿರ ಹುಳದಲ್ಲಿ ಅರ್ಧ ಅರ್ಧ ಇದ್ರೆ ಹೆಣ್ಣು ಗೂಡು 1 ಕಿಲೋ, ಗಂಡು ಗೂಡು 800 ಗ್ರಾಂ, ಒಟ್ಟು 1.8 ಕಿಲೋ. ಚಿಪ್ಪು 400 ಗ್ರಾಂ. ಸಾವಿರವೂ ಗಂಡೇ ಆಗಿದ್ರೆ ಗೂಡು 1.6 ಕಿಲೋ, ಚಿಪ್ಪು ಅದೇ 400 ಗ್ರಾಂ. ರಾಮನಗರ ಮಾರ್ಕೆಟ್ಟಿನಲ್ಲಿ ನಮಗೆ ದುಡ್ಡು ಬರೋದು ತಕ್ಕಡಿ ಮೇಲಿನ ತೂಕಕ್ಕೆ, ರೀಲರ್‌ಗೆ ದುಡ್ಡು ಬರೋದು ಚಿಪ್ಪಿಗೆ. ಅವರು ಗೂಡು ಅಲ್ಲಾಡಿಸಿ, ಹಿಸುಕಿ, ಒಂದೆರಡು ಕತ್ತರಿಸಿ ನೋಡೋದು ಇದೇ ಲೆಕ್ಕಕ್ಕೆ, ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಗುತ್ತೆ ಅಂತ. ಅಂದ್ರೆ ನಾವು ಮಾರ್ತಿರೋದು ಹೆಣ್ಣಿನ ತೂಕ, ಅವರು ಕೊಳ್ತಿರೋದು ಇಬ್ಬರ ನೂಲು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಗಂಡು ಹುಳ ಮಾತ್ರ ಹುಟ್ಟೋ ಮೊಟ್ಟೆ ಅನ್ನೋದು ಕನಸಲ್ಲ. ಸೋವಿಯತ್ ದೇಶದಲ್ಲಿ ಸ್ಟ್ರುನ್ನಿಕೋವ್ ಅನ್ನೋ ವಿಜ್ಞಾನಿ ಅಂಥ ತಳಿ ಕಟ್ಟಿದ್ರು, ಚೀನಾದ ಝೆಜಿಯಾಂಗ್ ಪ್ರಾಂತ್ಯದಲ್ಲಿ ಅದನ್ನ ರೈತರ ತನಕ ತಂದರು. ಅದರಲ್ಲಿ ಹೆಣ್ಣಾಗಬೇಕಾದ ಮೊಟ್ಟೆ ಮರಿಯಾಗೋ ಮೊದಲೇ ಸಾಯುತ್ತೆ, ಒಡೆಯೋದು ಗಂಡು ಮಾತ್ರ. ನೂಲು ಸಣ್ಣ, ಒಂದೇ ಸಮ, ನೇಯೋರಿಗೆ ಇಷ್ಟ. ಆದ್ರೆ ಅರ್ಧ ಮೊಟ್ಟೆ ಸತ್ತದ್ದರ ಖರ್ಚು ಬೆಲೇಲಿ ಸೇರುತ್ತೆ. ಮೇಲಿನ ಲೆಕ್ಕದಲ್ಲೇ ನೋಡಿದ್ರೆ, ಕಿಲೋಗೆ 600 ರೂಪಾಯಿಯಂತೆ 1.8 ಕಿಲೋಗೆ 1080 ಸಿಗ್ತಿದ್ದ ರೈತನಿಗೆ, ಬರೀ ಗಂಡು ಗೂಡಿನ 1.6 ಕಿಲೋದಲ್ಲಿ ಅಷ್ಟೇ ದುಡ್ಡು ಬರಬೇಕು ಅಂದ್ರೆ ಕಿಲೋಗೆ 675 ಸಿಗಬೇಕು. ಸೊಪ್ಪು ಸ್ವಲ್ಪ ಉಳಿಯುತ್ತೆ, ಒಂದೇ ಸಲ ಹಣ್ಣಾಗುತ್ತೆ, ಅದೂ ಲಾಭವೇ. ಆದ್ರೂ ಅಂಥ ಮೊಟ್ಟೆ ನಮ್ಮ ಕಡೆ ಬಂದ ದಿನ ಬರೀ ತೂಕ ನೋಡಿ ಬೆಲೆ ಕಟ್ಟಿದ್ರೆ ನಷ್ಟ ಯಾರಿಗೆ ಅಂತ ಹರಾಜಿಗೆ ಮುಂಚೇನೇ ಗೊತ್ತಿರಬೇಕು.

ಯಾರಾದ್ರೂ ನೋಡಬೇಕು ಅಂದ್ರೆ ಮುಂದಿನ ಬೆಳೇಲಿ ಹೀಗೆ ಮಾಡಿ. ಗೂಡು ಬಿಡಿಸೋ ದಿನ ರಾಶಿಯಿಂದ ಕಣ್ಣುಮುಚ್ಚಿ ಇಪ್ಪತ್ತು ಗೂಡು ಆರಿಸಿ. ಅಕ್ಕಸಾಲಿಗರ ಹತ್ರ ಇರೋ ಸಣ್ಣ ತಕ್ಕಡೀಲಿ ಒಂದೊಂದನ್ನೂ ತೂಗಿ, ಮೇಲೆ ತೂಕ ಬರೀರಿ. ಆಮೇಲೆ ಬ್ಲೇಡಿನಲ್ಲಿ ತುದಿ ಕತ್ತರಿಸಿ, ಪ್ಯೂಪ ತೆಗೆದು ಹಿಂಭಾಗದ ಗೆರೆ ನೋಡಿ. ಬರೀ ಚಿಪ್ಪನ್ನ ಇನ್ನೊಂದು ಸಲ ತೂಗಿ. ಮಕ್ಕಳನ್ನ ಜೊತೆಗೆ ಕೂರಿಸಿಕೊಳ್ಳಿ, ಅವರ ಕಣ್ಣಿಗೆ ಆ ಗೆರೆ ನಮಗಿಂತ ಬೇಗ ಕಾಣುತ್ತೆ. ಸಿಬಿ ಬೆಳೆದೋರು ಸಿಬಿ, ಬಿಳಿ ಗೂಡು ಬೆಳೆದೋರು ಬಿಳಿ, ಎರಡರ ಲೆಕ್ಕಾನೂ ಬೇರೆ ಬೇರೆ ಬರೆದಿಡಿ. ಕನಕಪುರ ಸಂತೆ ದಿನ ಸಿಕ್ಕಿದಾಗ ನನ್ನ ಹಾಳೆ ಜೊತೆ ಇಟ್ಟು ನೋಡೋಣ.